ಗಾಮಾ ಪೈಲ್ವಾನ್: ಗೆದ್ದಾಗ ಎಲ್ಲರವನು, ಕೊನೆಗೆ ಯಾರವನು?

ನಮ್ಮಲ್ಲಿ ಬಹಳ ಜನ ಕುಸ್ತಿ ಅಂತ ಮೊದಲು ನೋಡಿದ್ದು ಟೀವಿಯಲ್ಲಿ. ಡಬ್ಲ್ಯುಡಬ್ಲ್ಯುಇ ಟ್ರಂಪ್ ಕಾರ್ಡ್ ಹಿಡಿದು ಜಗಳ ಆಡಿ ಬೆಳೆದ ತಲೆಮಾರು ನಮ್ಮದು. ರೆಸಲ್‌ಮೇನಿಯಾದಲ್ಲಿ ಅಂಡರ್‌ಟೇಕರ್‌ನನ್ನು ಸೋಲಿಸೋಕೆ ಯಾರಿಂದಲೂ ಆಗಲ್ಲ ಅಂತ ಪಂಥ ಕಟ್ಟಿ, 2014ರಲ್ಲಿ ಬ್ರಾಕ್ ಲೆಸ್ನರ್ ಸೋಲಿಸಿಬಿಟ್ಟಾಗ ಮಂಕಾಗಿ ಕೂತವರು ಎಷ್ಟು ಜನ! ಅದೆಲ್ಲ ಮೊದಲೇ ಬರೆದಿಟ್ಟ ಕಥೆ ಅಂತ ಗೊತ್ತಾದ ಮೇಲೂ ಚರ್ಚೆ ನಿಂತಿಲ್ಲ. ಯಾರು ದೊಡ್ಡವನು, ಯಾರ ಜಿದ್ದು ನಿಜವಾದ ಜಿದ್ದು, ಯಾರು ಯಾವಾಗ ರಿಟೈರ್ ಆಗಬೇಕಿತ್ತು ಅನ್ನೋ ಮಾತು ಈಗಲೂ ನಡೀತಾನೇ ಇರುತ್ತೆ.

ಈ ಚರ್ಚೆಯಲ್ಲಿ ಒಂದಲ್ಲ ಒಂದು ಹಂತದಲ್ಲಿ ಗಾಮಾ ಹೆಸರು ಬರಲೇಬೇಕು. 2022ರ ಮೇ 22ರಂದು ಗೂಗಲ್ ತನ್ನ ಡೂಡಲ್‌ನಲ್ಲಿ ಈತನ ಚಿತ್ರ ಹಾಕಿದಾಗ ನಮ್ಮ ಸೋಷಿಯಲ್ ಮೀಡಿಯಾ ಒಂದು ದಿನ ಕುಣಿದಾಡಿತು. ಸೋಲೇ ಕಾಣದ ಪೈಲ್ವಾನ, ಐದು ಸಾವಿರ ಕುಸ್ತಿ ಗೆದ್ದವನು, ಬ್ರೂಸ್ ಲೀ ಕೂಡ ಮೆಚ್ಚಿದವನು ಅಂತೆಲ್ಲ ಪೋಸ್ಟ್‌ಗಳು ಹರಿದಾಡಿದವು. ಮರುದಿನ ಎಲ್ಲರೂ ಮರೆತರು. ಆ ಪೋಸ್ಟ್‌ಗಳಲ್ಲಿ ಹೆಚ್ಚಿನವು ಹೇಳದೇ ಬಿಟ್ಟ ಸಂಗತಿಯೊಂದಿದೆ. ಈ ಭಾರತದ ಹುಲಿ ಸತ್ತಿದ್ದು ಲಾಹೋರ್‌ನಲ್ಲಿ, ಪಾಕಿಸ್ತಾನದ ಪ್ರಜೆಯಾಗಿ, ಕೈಯಲ್ಲಿ ಕಾಸಿಲ್ಲದೆ.

ಬಸ್ಕಿ ಹೊಡೆದ ಹುಡುಗ

ಪೂರ್ತಿ ಹೆಸರು ಗುಲಾಂ ಮೊಹಮ್ಮದ್ ಬಕ್ಷ್ ಬಟ್. ಹುಟ್ಟಿದ್ದು 1878ರಲ್ಲಿ, ಕಾಶ್ಮೀರದಿಂದ ಬಂದು ಪಂಜಾಬಿನಲ್ಲಿ ನೆಲೆಸಿದ ಮುಸ್ಲಿಂ ಪೈಲ್ವಾನರ ಮನೆಯಲ್ಲಿ. ಆ ಮನೆಯಲ್ಲಿ ಕುಸ್ತಿ ಅನ್ನೋದು ಹವ್ಯಾಸವಲ್ಲ, ಹೊಟ್ಟೆಪಾಡು. ಅಪ್ಪನೂ ಪೈಲ್ವಾನನೇ. ಗಾಮಾ ಇನ್ನೂ ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡ. ತಾಯಿಯ ಕಡೆಯ ತಾತ, ಆಮೇಲೆ ಸೋದರಮಾವ ಹುಡುಗನನ್ನು ಗರಡಿಗೆ ಇಳಿಸಿದರು.

ಹತ್ತನೇ ವಯಸ್ಸಿನಲ್ಲಿ, 1888ರಲ್ಲಿ, ಜೋಧಪುರದ ಮಹಾರಾಜ ಒಂದು ಸ್ಪರ್ಧೆ ಇಟ್ಟ. ಕುಸ್ತಿಯದ್ದಲ್ಲ, ಬಸ್ಕಿಯದ್ದು. ದೇಶದ ಮೂಲೆಮೂಲೆಯಿಂದ ನಾನೂರಕ್ಕೂ ಹೆಚ್ಚು ಪೈಲ್ವಾನರು ಬಂದಿದ್ದರು. ಒಬ್ಬೊಬ್ಬರೇ ಸುಸ್ತಾಗಿ ಪಕ್ಕಕ್ಕೆ ಸರಿದರು. ಕೊನೆಗೆ ನಿಂತ ಹದಿನೈದು ಜನರಲ್ಲಿ ಈ ಹುಡುಗನೂ ಇದ್ದ. ವಯಸ್ಸು ನೋಡಿ ಮಹಾರಾಜ ಅವನನ್ನೇ ವಿಜೇತ ಅಂತ ಘೋಷಿಸಿದ. ಸುದ್ದಿ ಹರಡಿ ದತಿಯಾ ಸಂಸ್ಥಾನದ ಅರಸ ಅವನನ್ನು ತನ್ನ ಆಶ್ರಯಕ್ಕೆ ತಗೊಂಡ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಆ ಕಾಲದಲ್ಲಿ ಪೈಲ್ವಾನ ಆಗೋದು ಅಂದ್ರೆ ದಿನಕ್ಕೆ ಲೀಟರುಗಟ್ಟಲೆ ಹಾಲು, ತುಪ್ಪ, ಬಾದಾಮಿ, ಮಾಂಸ. ಬಡವನ ಮಗನಿಗೆ ಅದು ಸಿಗೋದು ಎಲ್ಲಿಂದ? ಒಂದೋ ಅರಮನೆಯಿಂದ, ಇಲ್ಲಾ ಶ್ರೀಮಂತರ ಮನೆಯಿಂದ. ಹೀಗೆ ಪೈಲ್ವಾನನ ಮೈ ಅವನದ್ದೇ ಆದರೂ ಅದಕ್ಕೆ ಅನ್ನ ಹಾಕುವವನು ಬೇರೆಯವನು. ಆನೆ, ಕುದುರೆಗಳಂತೆ ಪೈಲ್ವಾನನೂ ಸಂಸ್ಥಾನದ ಪ್ರತಿಷ್ಠೆಯ ಭಾಗ. ಮೈಸೂರಿನ ಗರಡಿ ಮನೆಗಳು, ದಸರಾ ಕುಸ್ತಿ ಬೆಳೆದದ್ದೂ ಅರಸರ ಆಶ್ರಯದಲ್ಲೇ. ಗಾಮಾ ಬದುಕನ್ನು ಅರ್ಥ ಮಾಡ್ಕೊಳ್ಳೋಕೆ ಈ ಅನ್ನದ ಲೆಕ್ಕ ಮುಖ್ಯ.

ದಿನಕ್ಕೆ ಐದು ಸಾವಿರ ಬಸ್ಕಿ, ಮೂರು ಸಾವಿರ ದಂಡ, ನಲವತ್ತು ಜನರ ಜೊತೆ ತಾಲೀಮು ಅಂತ ಅಭಿಮಾನಿಗಳು ಹೇಳ್ತಾರೆ. ವಡೋದರಾದ ಸಯಾಜಿ ಬಾಗ್ ಮ್ಯೂಸಿಯಂನಲ್ಲಿ ಒಂದು ದೊಡ್ಡ ಕಲ್ಲು ಇದೆ. ತೂಕ 1,200 ಕಿಲೋ, ಇದನ್ನು 1902ರ ಡಿಸೆಂಬರ್ 23ರಂದು ಗಾಮಾ ಎತ್ತಿದ ಅಂತ ಅದಕ್ಕೆ ಹೆಸರು. ಒಬ್ಬ ಮನುಷ್ಯ ಅಷ್ಟು ತೂಕವನ್ನು ನೆಲದಿಂದ ಪೂರ್ತಿ ಎತ್ತಿದ ಅನ್ನೋದನ್ನು ಜಿಮ್‌ಗೆ ಹೋಗುವ ಯಾರೂ ಸುಲಭವಾಗಿ ಒಪ್ಪಲ್ಲ. ಐದು ಸಾವಿರ ಕುಸ್ತಿಗೂ ಲೆಕ್ಕದ ಪುಸ್ತಕ ಇಲ್ಲ. ಆದರೆ ಗಾಮಾನಿಗೆ ಇಂಥ ಕಲ್ಲುಗಳ ಅಗತ್ಯವೂ ಇಲ್ಲ. ಎಲ್ಲರ ಕಣ್ಣೆದುರು ನಡೆದ ಕುಸ್ತಿಗಳೇ ಸಾಕು.

ಏಳಡಿಯ ಎದುರಾಳಿ

ಪ್ರತಿ ದೊಡ್ಡ ಪೈಲ್ವಾನನಿಗೂ ಒಬ್ಬ ಎದುರಾಳಿ ಬೇಕು. ಗಾಮಾನಿಗೆ ಸಿಕ್ಕಿದ್ದು ಗುಜ್ರನ್‌ವಾಲಾದ ರಹೀಂ ಬಕ್ಷ್ ಸುಲ್ತಾನಿವಾಲಾ. ಆಗಿನ ರುಸ್ತುಂ-ಎ-ಹಿಂದ್, ಅಂದ್ರೆ ಇಡೀ ಹಿಂದೂಸ್ಥಾನಕ್ಕೇ ಚಾಂಪಿಯನ್. ಎತ್ತರ ಹತ್ತಿರ ಹತ್ತಿರ ಏಳಡಿ. ಗಾಮಾ ಐದು ಅಡಿ ಏಳೆಂಟು ಇಂಚು. ರಹೀಂಗೆ ವಯಸ್ಸಾಗುತ್ತಿತ್ತು, ಗಾಮಾ ಇನ್ನೂ ಹುಡುಗ. ಪಕ್ಕಪಕ್ಕದಲ್ಲಿ ನಿಂತರೆ ನಗು ಬರುವಂಥ ಜೋಡಿ.

ಹುಡುಗ ಒಂದೆರಡು ನಿಮಿಷ ನಿಲ್ಲಬಹುದು ಅಂದುಕೊಂಡವರೇ ಹೆಚ್ಚು. ಕುಸ್ತಿ ಗಂಟೆಗಟ್ಟಲೆ ನಡೆದು ಸಮಬಲದಲ್ಲಿ ಮುಗಿಯಿತು. ಅಲ್ಲಿಂದ ಗಾಮಾ ಒಂದೊಂದೇ ಸಂಸ್ಥಾನದ ಪೈಲ್ವಾನರನ್ನು ಚಿತ್ ಮಾಡ್ತಾ ಬಂದ. 1910ರ ಹೊತ್ತಿಗೆ ರಹೀಂ ಬಿಟ್ಟರೆ ಎದುರು ನಿಲ್ಲುವವರು ದೇಶದಲ್ಲಿ ಉಳಿದಿರಲಿಲ್ಲ. ಹಾಗಾಗಿ ಅವನ ಕಣ್ಣು ಸಮುದ್ರದಾಚೆ ಹೋಯಿತು.

ಲಂಡನ್, 1910

ಕೋಲ್ಕತ್ತದ ಶ್ರೀಮಂತ ಶರತ್ ಕುಮಾರ್ ಮಿತ್ರ ಖರ್ಚು ಹಾಕಿದ. ಗಾಮಾ, ತಮ್ಮ ಇಮಾಂ ಬಕ್ಷ್ ಮತ್ತು ಇನ್ನಿಬ್ಬರು ಪೈಲ್ವಾನರು ಲಂಡನ್ನಿಗೆ ಹೋದರು. ಬಂಗಾಳದ ಬಾಬು ದುಡ್ಡು ಹಾಕಿದ್ದು ಬರೀ ಶೋಕಿಗಲ್ಲ. 1905ರ ಬಂಗಾಳ ವಿಭಜನೆ, ಅದರ ಬೆನ್ನಿಗೆ ಎದ್ದ ಸ್ವದೇಶಿ ಚಳವಳಿಯ ಬಿಸಿ ಇನ್ನೂ ಆರಿರಲಿಲ್ಲ. ಭಾರತೀಯ, ಅದರಲ್ಲೂ ಬಂಗಾಳಿ ಗಂಡಸರಿಗೆ ಗಂಡಸುತನವೇ ಇಲ್ಲ, ತಮ್ಮನ್ನು ತಾವು ಆಳಿಕೊಳ್ಳೋಕೆ ಲಾಯಕ್ಕಿಲ್ಲ ಅನ್ನೋದು ಬ್ರಿಟಿಷರ ಹಳೇ ಹಾಡು. ಅದಕ್ಕೆ ಉತ್ತರ ಕೊಡೋಕೆ ಒಂದು ಮೈಕಟ್ಟು ಬೇಕಿತ್ತು. ಪಂಜಾಬಿನ ಮುಸ್ಲಿಂ ಪೈಲ್ವಾನನ ಮೈಕಟ್ಟು ಆ ಕೆಲಸಕ್ಕೆ ಸಿಕ್ಕಿತು.

ಅದೇ ವರ್ಷದ ಜುಲೈ 4ರಂದು ಅಮೆರಿಕದ ರೀನೋ ಪಟ್ಟಣದಲ್ಲಿ ಕಪ್ಪು ಬಾಕ್ಸರ್ ಜ್ಯಾಕ್ ಜಾನ್ಸನ್, ಬಿಳಿಯರ ಕೊನೇ ಭರವಸೆಯಾಗಿದ್ದ ಜಿಮ್ ಜೆಫ್ರೀಸ್‌ನನ್ನು ಹೊಡೆದುರುಳಿಸಿದ್ದ. ಆ ರಾತ್ರಿ ಹಲವು ಅಮೆರಿಕನ್ ನಗರಗಳಲ್ಲಿ ಗಲಭೆಯಾಗಿ ಕಪ್ಪು ಜನ ಪ್ರಾಣ ಕಳಕೊಂಡರು. ಬಿಳಿಯನೊಬ್ಬ ಎಲ್ಲರ ಕಣ್ಣೆದುರು ಕಪ್ಪು ಇಲ್ಲವೇ ಕಂದು ಮೈಬಣ್ಣದವನಿಗೆ ಸೋಲೋದು ಬರೀ ಆಟದ ವಿಷಯ ಆಗಿರಲಿಲ್ಲ. ಗಾಮಾ ಲಂಡನ್ನಿನ ರಿಂಗಿಗೆ ಕಾಲಿಟ್ಟಿದ್ದು ಇದೇ ಬೇಸಿಗೆಯಲ್ಲಿ.

ಮೊದಲು ಅವನಿಗೆ ಟೂರ್ನಮೆಂಟಿನಲ್ಲಿ ಜಾಗವೇ ಸಿಗಲಿಲ್ಲ. ಎತ್ತರ ಸಾಲದು ಅಂದರು. ಗಾಮಾ ಬಹಿರಂಗ ಸವಾಲು ಹಾಕಿದ. ಯಾವುದೇ ತೂಕದ ಮೂರು ಜನ ಬರಲಿ, ಅರ್ಧ ಗಂಟೆಯೊಳಗೆ ಮೂವರನ್ನೂ ಕೆಡವುತ್ತೇನೆ ಅಂತ. ಜನ ಇದನ್ನು ಗಿಮಿಕ್ ಅಂದುಕೊಂಡರು. ಕಡೆಗೆ ಮುಂದೆ ಬಂದವನು ಅಮೆರಿಕದ ಬೆಂಜಮಿನ್ ರೋಲರ್, ವೃತ್ತಿಯಿಂದ ಡಾಕ್ಟರ್. ಗಾಮಾ ಅವನನ್ನು ಮೊದಲ ಸಲ ಎರಡು ನಿಮಿಷದೊಳಗೆ, ಎರಡನೇ ಸಲ ಹತ್ತು ನಿಮಿಷದೊಳಗೆ ಕೆಡವಿದ. ತಮ್ಮ ಇಮಾಂ ಬಕ್ಷ್ ಸ್ವಿಟ್ಜರ್ಲೆಂಡಿನ ಜಾನ್ ಲೆಮ್‌ನನ್ನು ಕೆಲವೇ ನಿಮಿಷಗಳಲ್ಲಿ ಮುಗಿಸಿದ. ಲಂಡನ್ ಈಗ ಕಣ್ಣರಳಿಸಿ ನೋಡಿತು.

ಸೆಪ್ಟೆಂಬರ್ 10ರಂದು ಜಾನ್ ಬುಲ್ ಬೆಲ್ಟ್ ಮತ್ತು 250 ಪೌಂಡ್ ಬಹುಮಾನಕ್ಕಾಗಿ ಪೋಲೆಂಡಿನ ಸ್ಟಾನಿಸ್ಲಾಸ್ ಬಿಸ್ಕೋ ಎದುರಾದ. ಗಾಮಾಗಿಂತ ತುಂಬಾ ಭಾರದ ಆಳು. ಮೊದಲ ನಿಮಿಷದಲ್ಲೇ ಗಾಮಾ ಅವನನ್ನು ನೆಲಕ್ಕೆ ಇಳಿಸಿದ. ಬಿಸ್ಕೋ ಬುದ್ಧಿವಂತ. ಬೆನ್ನು ಮಾತ್ರ ಮ್ಯಾಟಿಗೆ ತಾಗಬಾರದು ಅಂತ ಕೈಕಾಲೂರಿ ನೆಲಕ್ಕೆ ಅಂಟಿಕೊಂಡು ಕೂತುಬಿಟ್ಟ. ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಇದೇ ನಡೆಯಿತು. ಗಾಮಾ ಎಳೆದ, ತಿರುಗಿಸಿದ, ಹತ್ತಿ ಕೂತ. ಬಿಸ್ಕೋ ಮೇಲೇಳಲಿಲ್ಲ. ದುಡ್ಡು ಕೊಟ್ಟು ಬಂದ ಜನಕ್ಕೆ ಆಕಳಿಕೆ ಬಂತು. ಕುಸ್ತಿ ತೀರ್ಮಾನವಿಲ್ಲದೆ ಮುಗಿದು, ಮುಂದಿನ ವಾರ ಸೆಪ್ಟೆಂಬರ್ 17ಕ್ಕೆ ಮತ್ತೆ ನಿಗದಿಯಾಯಿತು. ಆ ದಿನ ಗಾಮಾ ಬಂದ, ಬಿಸ್ಕೋ ಬರಲಿಲ್ಲ. ಬೆಲ್ಟ್ ಗಾಮಾನದಾಯಿತು.

ಆಗ ವಿಶ್ವ ಚಾಂಪಿಯನ್ ಅನ್ನಿಸಿಕೊಂಡಿದ್ದ ಅಮೆರಿಕದ ಫ್ರಾಂಕ್ ಗಾಚ್ ಗಾಮಾನ ಎದುರು ಬರಲೇ ಇಲ್ಲ. ಜಾರ್ಜ್ ಹ್ಯಾಕನ್‌ಸ್ಮಿತ್ ಕೂಡ ಬರಲಿಲ್ಲ. ಆ ಮೂವರಲ್ಲಿ ಯಾರು ದೊಡ್ಡವರು ಅನ್ನೋ ವಾದ ಕುಸ್ತಿ ಪ್ರಿಯರಲ್ಲಿ ಇವತ್ತಿಗೂ ಬಗೆಹರಿದಿಲ್ಲ.

ಒಂದು ನಿಮಿಷದ ಉತ್ತರ

ಊರಿಗೆ ವಾಪಸಾದ ಗಾಮಾ ಅಲಹಾಬಾದಿನಲ್ಲಿ ರಹೀಂ ಬಕ್ಷ್‌ನ ಎದುರು ಮತ್ತೆ ನಿಂತು, ಈ ಸಲ ಗೆದ್ದು, ರುಸ್ತುಂ-ಎ-ಹಿಂದ್ ಆದ. ಎದುರಾಳಿಗಳಲ್ಲಿ ಅತಿ ಬಲಶಾಲಿ ಯಾರು ಅಂತ ಕೇಳಿದವರಿಗೆಲ್ಲ ಆತ ಮುಂದೆ ಹೇಳ್ತಿದ್ದದ್ದು ರಹೀಂನ ಹೆಸರನ್ನೇ, ಯುರೋಪಿನ ಯಾರ ಹೆಸರನ್ನೂ ಅಲ್ಲ.

ಆದರೆ ಬಿಸ್ಕೋ ಜೊತೆಗಿನ ಲೆಕ್ಕ ಬಾಕಿ ಇತ್ತು. ಈ ನಡುವೆ ಪಶ್ಚಿಮದ ವೃತ್ತಿಪರ ಕುಸ್ತಿಯೇ ಬದಲಾಗಿತ್ತು. ಅಮೆರಿಕದಲ್ಲಿ ಪ್ರಮೋಟರುಗಳು ಯಾರು ಗೆಲ್ಲಬೇಕು ಅಂತ ಮೊದಲೇ ಗೊತ್ತು ಮಾಡುವ ಪದ್ಧತಿ ಗಟ್ಟಿಯಾಗಿತ್ತು. ಇವತ್ತಿನ ಡಬ್ಲ್ಯುಡಬ್ಲ್ಯುಇ ಬೇರು ಅಲ್ಲೇ ಇರೋದು. 1925ರಲ್ಲಿ ಫಿಲಡೆಲ್ಫಿಯಾದಲ್ಲಿ ಬಿಸ್ಕೋ, ಫುಟ್‌ಬಾಲ್ ಆಟಗಾರನಾಗಿದ್ದ ವೇಯ್ನ್ ಮನ್ ಎಂಬ ಚಾಂಪಿಯನ್‌ಗೆ ಸೋಲಬೇಕು ಅಂತ ಮಾತಾಗಿತ್ತು. ರಿಂಗಿಗೆ ಇಳಿದ ಮೇಲೆ ಆತ ಮಾತು ಮುರಿದು ನಿಜವಾಗಿಯೇ ಕುಸ್ತಿ ಆಡಿ ಮನ್‌ನನ್ನು ಕೆಡವಿ ಕಿರೀಟ ಕಿತ್ತುಕೊಂಡ. ನಾಟಕದ ಮಧ್ಯೆ ನಿಜ ನುಗ್ಗಿಬಿಟ್ಟಿತು. ಅಭಿಮಾನಿಗಳು ಇದನ್ನು ನೂರು ವರ್ಷ ಆದ ಮೇಲೂ ಮೆಲುಕು ಹಾಕ್ತಾರೆ. ಅಂದ್ರೆ ಬಿಸ್ಕೋ ಪುಕ್ಕಲನೇನೂ ಅಲ್ಲ. ತನ್ನ ಕಾಲದ ನಿಜವಾದ ಪೈಲ್ವಾನರಲ್ಲಿ ಒಬ್ಬ. ಇದನ್ನು ಗೊತ್ತು ಮಾಡಿಕೊಂಡರೆ ಮಾತ್ರ 1928ರ ತೂಕ ತಿಳಿಯುತ್ತೆ.

ಆ ವರ್ಷ ಜನವರಿಯಲ್ಲಿ ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್ ಬಿಸ್ಕೋನನ್ನು ಕರೆಸಿದ. ಸಾವಿರಾರು ಜನ ನೆರೆದರು. ಇಬ್ಬರಿಗೂ ಹೆಚ್ಚೂಕಮ್ಮಿ ಐವತ್ತು ವರ್ಷ. ಹದಿನೆಂಟು ವರ್ಷ ಹಳೆಯ ಜಿದ್ದು. ಲಂಡನ್ನಿನಲ್ಲಿ ಎರಡೂವರೆ ಗಂಟೆಯಲ್ಲಿ ಮುಗಿಯದೇ ಉಳಿದದ್ದು ಪಟಿಯಾಲಾದಲ್ಲಿ ಒಂದು ನಿಮಿಷವೂ ಆಗುವ ಮೊದಲು ಮುಗಿಯಿತು. ಬಿಸ್ಕೋನ ಬೆನ್ನು ನೆಲಕ್ಕೆ ಬಿತ್ತು. ಮರುವರ್ಷ ಜೆಸ್ಸಿ ಪೀಟರ್ಸನ್ ಬಂದ. ಅವನೂ ಒಂದೂವರೆ ನಿಮಿಷದಲ್ಲಿ ಸೋತ.

ಆಮೇಲೆ ಯಾರೂ ಬರಲಿಲ್ಲ. ಇವತ್ತು ರಿಟೈರ್‌ಮೆಂಟ್ ಅಂದ್ರೆ ದೊಡ್ಡ ಪ್ರೋಗ್ರಾಂ. ಲೈಟು, ಹಾಡು, ಕಣ್ಣೀರು, ಎರಡು ವರ್ಷ ಬಿಟ್ಟು ವಾಪಸ್. ಗಾಮಾನ ಕುಸ್ತಿ ಬದುಕಿಗೆ ಅಂಥ ಬೀಳ್ಕೊಡುಗೆಯ ಪಂದ್ಯ ಇರಲಿಲ್ಲ. ಎದುರು ನಿಲ್ಲುವವರು ಇಲ್ಲದೆ ಅದು ತಾನಾಗಿಯೇ ತಣ್ಣಗಾಯಿತು. ಮನೆಯಲ್ಲಿ ಬೇರೆ ನೋವು ಇತ್ತು. ಅವನ ಗಂಡುಮಕ್ಕಳು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ತಮ್ಮ ಇಮಾಂ ಬಕ್ಷ್‌ನ ಮಗ ಭೋಲುವನ್ನು ಗಾಮಾ ತಯಾರು ಮಾಡಿದ. ಅವನು ಮುಂದೆ ಪಾಕಿಸ್ತಾನದ ದೊಡ್ಡ ಚಾಂಪಿಯನ್ ಆದ.

ಮೋಹನಿ ರಸ್ತೆಯ ಬಾಗಿಲು

1947. ಪಂಜಾಬು ಎರಡು ಹೋಳಾಯಿತು. ಲಾಹೋರ್ ಉರಿಯಿತು, ಅಮೃತಸರವೂ ಉರಿಯಿತು. ಆಗ ಗಾಮಾನ ಮನೆ ಲಾಹೋರ್‌ನ ಮೋಹನಿ ರಸ್ತೆಯಲ್ಲಿತ್ತು. ಸುತ್ತಮುತ್ತ ಹಿಂದೂ ಕುಟುಂಬಗಳಿದ್ದವು. ಮನೆಮಂದಿ ಮತ್ತು ಊರಿನ ಹಿರಿಯರು ಹೇಳಿಕೊಂಡು ಬಂದಿರುವ ಪ್ರಕಾರ, ಗುಂಪು ಆ ಬೀದಿಗೆ ನುಗ್ಗಿದಾಗ ಎಪ್ಪತ್ತರ ಹತ್ತಿರವಿದ್ದ ಗಾಮಾ ತನ್ನ ಗರಡಿಯ ಹುಡುಗರನ್ನು ಕಟ್ಟಿಕೊಂಡು ಬೀದಿಗೆ ಅಡ್ಡ ನಿಂತ. ಮುಂದೆ ಬಂದವನಿಗೆ ಒಂದು ಏಟು ಬಿತ್ತು. ಉಳಿದವರು ಹಿಂದೆ ಸರಿದರು. ಪರಿಸ್ಥಿತಿ ಕೈಮೀರಿದಾಗ ಆ ಕುಟುಂಬಗಳಿಗೆ ದಾರಿಯ ಊಟಕ್ಕೆ ಬೇಕಾದದ್ದನ್ನು ಕಟ್ಟಿಕೊಟ್ಟು ಗಡಿಯವರೆಗೆ ಸುರಕ್ಷಿತವಾಗಿ ಕಳಿಸಿಕೊಟ್ಟ.

ಗುಂಪಿನಲ್ಲಿದ್ದವರು ಅವನದ್ದೇ ಧರ್ಮದವರು. ಹೊಸ ದೇಶ ಹುಟ್ಟಿದ ಹುಮ್ಮಸ್ಸಿನಲ್ಲಿದ್ದವರು. ಗಾಮಾ ತಮ್ಮ ಕಡೆಯವನು, ತಮ್ಮ ಜೊತೆಗೇ ಇರುತ್ತಾನೆ ಅಂತ ಅವರು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಗರಡಿಯ ಅಭ್ಯಾಸವೇ ಬೇರೆ. ಹಿಂದೂ ಅರಸ ಅನ್ನ ಹಾಕಿದ್ದ, ಸಿಖ್ ಅರಸ ಅಖಾಡ ಕಟ್ಟಿಕೊಟ್ಟಿದ್ದ, ಬಂಗಾಳಿ ಬಾಬು ಹಡಗಿನ ಖರ್ಚು ಕೊಟ್ಟಿದ್ದ. ಮೈಸೂರಿನ ಹಳೇ ಗರಡಿಗೆ ಹೋದರೆ ಆಂಜನೇಯನ ಪಟದ ಕೆಳಗೆ ಅದೇ ಕೆಂಪು ಮಣ್ಣು ಬಳಿದುಕೊಂಡು ಮುಸ್ಲಿಂ ಹುಡುಗರೂ ಸಾಮು ಮಾಡೋದನ್ನು ನೋಡಬಹುದು. ಮಣ್ಣು ಮೆತ್ತಿಕೊಂಡ ಮೇಲೆ ಮೈಗೆ ಜಾತಿ ಧರ್ಮ ಕಾಣಲ್ಲ ಅನ್ನೋದು ಸುಲಭದ ಮಾತು, ಗರಡಿಗಳಲ್ಲೂ ಜಾತಿ ಇತ್ತು. ಆದರೂ ಪಟ್ಟು ಕಲಿಯೋಕೆ ಇನ್ನೊಬ್ಬನ ಮೈಯನ್ನು ನಂಬಲೇಬೇಕು. ಆ ನಂಬಿಕೆ ಗಾಮಾನಿಗೆ ರೂಢಿಯಾಗಿತ್ತು.

ವಿಭಜನೆ ಗಾಮಾನ ಇನ್ನೊಂದು ಆಧಾರವನ್ನೂ ಕಿತ್ತುಕೊಂಡಿತು. ಅವನಿಗೆ ಅನ್ನ ಹಾಕುತ್ತಿದ್ದ ಪಟಿಯಾಲಾ ಗಡಿಯ ಆಚೆ ಉಳಿಯಿತು, ಸ್ವಲ್ಪ ದಿನದಲ್ಲಿ ಸಂಸ್ಥಾನಗಳೇ ಇಲ್ಲವಾದವು. ಅರಸರು ಹೋಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅರಸರ ಅನ್ನದಲ್ಲಿ ಬೆಳೆದ ಕಲಾವಿದರು, ಗಾಯಕರು, ಪೈಲ್ವಾನರ ಬದುಕಿಗೆ ಹೊಸ ಸರ್ಕಾರಗಳು ಏನು ವ್ಯವಸ್ಥೆ ಮಾಡಿದವು? ಗಾಮಾನ ಕೊನೆಯ ವರ್ಷಗಳು ಅದಕ್ಕೆ ಉತ್ತರ. ಹೃದಯದ ಕಾಯಿಲೆ, ಆಸ್ಪತ್ರೆ ಖರ್ಚು, ಸಾಲ. ಪಾಕಿಸ್ತಾನ ಸರ್ಕಾರ ಚಿಕಿತ್ಸೆಗೆ ಒಂದಷ್ಟು ನೆರವು ಕೊಟ್ಟಿತು. ಗಡಿಯ ಈಚೆಯಿಂದ ಉದ್ಯಮಿ ಜಿ.ಡಿ. ಬಿರ್ಲಾ ಹಣ ಮತ್ತು ತಿಂಗಳ ಪಿಂಚಣಿ ಕಳಿಸಿದರು. 1960ರ ಮೇ 23ರಂದು, ಎಂಬತ್ತೆರಡನೇ ವಯಸ್ಸಿನಲ್ಲಿ ಗಾಮಾ ತೀರಿಕೊಂಡ. ಆ ಮನೆತನದ ಮೊಮ್ಮಗಳು ಕುಲ್ಸೂಮ್ ಮುಂದೆ ನವಾಜ್ ಷರೀಫ್ ಅವರ ಪತ್ನಿಯಾಗಿ ಪ್ರಧಾನಿ ನಿವಾಸ ಸೇರಿದರು. ಗಾಮಾ ಅದನ್ನು ನೋಡಲು ಉಳಿದಿರಲಿಲ್ಲ.

ಪಟ ಬೇಕು, ಪೈಲ್ವಾನ ಬೇಡ

ಪೈಲ್ವಾನರಿಗೂ ಅಧಿಕಾರಕ್ಕೂ ಇರುವ ಈ ನಂಟು ಗಾಮಾನ ಜೊತೆ ಮಣ್ಣಾಗಲಿಲ್ಲ. ಅರಮನೆಯ ಜಾಗಕ್ಕೆ ಈಗ ಫೆಡರೇಷನ್ ಬಂದಿದೆ. 2023ರಲ್ಲಿ ದೇಶಕ್ಕೆ ಪದಕ ತಂದ ಕುಸ್ತಿಪಟುಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ವಾರಗಟ್ಟಲೆ ಕೂತರು. ಆಗಿನ ಕುಸ್ತಿ ಫೆಡರೇಷನ್ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದ್ದರು, ಅವರು ಅದನ್ನು ನಿರಾಕರಿಸಿದ್ದರು. ಮೇ 28ರಂದು ಹೊಸ ಸಂಸತ್ ಭವನ ಉದ್ಘಾಟನೆ ಆಗುತ್ತಿದ್ದ ಹೊತ್ತಿಗೇ ಈ ಕುಸ್ತಿಪಟುಗಳನ್ನು ಪೊಲೀಸರು ರಸ್ತೆಯಲ್ಲಿ ಎಳೆದಾಡಿ ಬಸ್ಸಿಗೆ ಹತ್ತಿಸಿದರು. ಡಿಸೆಂಬರ್‌ನಲ್ಲಿ ಆ ಅಧ್ಯಕ್ಷರ ಆಪ್ತರೇ ಫೆಡರೇಷನ್ ಚುನಾವಣೆ ಗೆದ್ದ ದಿನ, ರಿಯೋ ಒಲಿಂಪಿಕ್ಸ್ ಪದಕ ವಿಜೇತೆ ಸಾಕ್ಷಿ ಮಲಿಕ್ ತಮ್ಮ ಬೂಟುಗಳನ್ನು ಮೇಜಿನ ಮೇಲಿಟ್ಟು ಕುಸ್ತಿಗೆ ವಿದಾಯ ಹೇಳಿದರು. ಟೀವಿಯಲ್ಲಿ ನಾವು ನೋಡಿದ ರಿಟೈರ್‌ಮೆಂಟ್‌ಗಳಲ್ಲಿ ಅದಕ್ಕೆ ಸ್ಕ್ರಿಪ್ಟ್ ಇರಲಿಲ್ಲ.

ಗೆದ್ದಾಗ ಪೈಲ್ವಾನರು ದೇಶದ ಹೆಮ್ಮೆ. ಬಾಯಿ ಬಿಟ್ಟಾಗ ತಲೆನೋವು. ಗಾಮಾನ ಹೆಸರಿಗೂ ಇದೇ ಗತಿ. ಲಂಡನ್ನಿನಲ್ಲಿ ಬಿಳಿಯರನ್ನು ಕೆಡವಿದ ಗಾಮಾ ನಮಗೆ ಬೇಕು. ಐವತ್ತು ಸೆಕೆಂಡಿನ ಗೆಲುವು ಬೇಕು. ವಡೋದರಾದ ಕಲ್ಲಿನ ಮುಂದೆ ಸೆಲ್ಫಿ ಬೇಕು. ಮೋಹನಿ ರಸ್ತೆಯ ಗಾಮಾ ಮಾತ್ರ ಎರಡೂ ಕಡೆ ಅನೇಕರಿಗೆ ಅಷ್ಟಾಗಿ ಬೇಡ. ಅವನ ಹೆಸರು ಹೇಳಿದರೆ ನಮ್ಮ ಬೀದಿಗೆ ಗುಂಪು ನುಗ್ಗಿದಾಗ ನಾವು ಎಲ್ಲಿ ನಿಂತಿದ್ದೆವು ಅನ್ನೋ ಪ್ರಶ್ನೆ ಏಳುತ್ತೆ.

ಸಾರ್ವಕಾಲಿಕ ಶ್ರೇಷ್ಠ ಕುಸ್ತಿ ಯಾವುದು ಅಂತ ಮುಂದಿನ ಸಲ ಗೆಳೆಯರ ನಡುವೆ ಚರ್ಚೆ ಬಂದರೆ ಕೆಲವರು ಪಟಿಯಾಲಾ ಅನ್ನಬಹುದು, ಕೆಲವರು ಫಿಲಡೆಲ್ಫಿಯಾ ಅನ್ನಬಹುದು. ನೀವು 1947ರ ಲಾಹೋರನ್ನೂ ಪಟ್ಟಿಗೆ ಸೇರಿಸಿ. ಅವತ್ತು ಬೆಲ್ಟ್ ಇರಲಿಲ್ಲ, ರೆಫರಿ ಇರಲಿಲ್ಲ, ಖರ್ಚು ಕೊಡುವ ಮಹಾರಾಜನೂ ಇರಲಿಲ್ಲ. ಎಪ್ಪತ್ತರ ಹತ್ತಿರದ ಒಬ್ಬ ಪೈಲ್ವಾನ ತಾನಾಗಿಯೇ ಜೋಡಿ ಕಟ್ಟಿಕೊಂಡಿದ್ದ, ತನ್ನದೇ ಕಡೆಯವರ ಎದುರು.